ಕಿಟಕಿಯಿಂದ ಕಂಡ ಚಂದ್ರಿ

ಕಿಟಕಿ ಗಾಜಿನ ಕೆಂಪು ಧೂಳಿನಾಗ ಯಾರೋ ಹೊರಗಿಂದ ಬೆರಳಿಲೆ ಗೆರಿ ಎಳದಾರ, ಆ ಗೆರಿಯೊಳಗಿಂದ ರಸ್ತಿ ಮ್ಯಾಲಿನ ಲಾರಿಗಳು ತುಂಡು ತುಂಡಾಗಿ ಕಾಣ್ತಾವ, ಒಂದು ಗಾಲಿ, ಒಂದು ತಾಡಪತ್ರಿ ಮೂಲಿ, ಮತ್ತೊಂದು ಗಾಲಿ, ಎಲ್ಲಾ ನಿಂತಲ್ಲೇ ನಿಂತಾವ, ಬಸ್ಸೂ ನಿಂತೈತಿ, ಸಂಡೂರಿನಿಂದ ಹೊಸಪೇಟಿಗೆ ತಾಸಿನ ದಾರಿ, ಹತ್ತಿ ಕುಂತು ಒಂದೂವರಿ ತಾಸಾತು, ಇನ್ನೂ ಘಾಟು ಇಳದಿಲ್ಲ. ಮೈಲಾರಲಿಂಗಪ್ಪ ಅಂಗೈಲೆ ಗಾಜು ಒರೆಸ್ತಾನ, ಧೂಳು ಹೊರಗಿಂದು, ಒಳಗಿಂದ ಒರೆಸಿದ್ರ ಹೋಗಂಗಿಲ್ಲ, ಗೊತ್ತಿದ್ದೂ ಒರೆಸ್ತಾನ. ನಿಂತಲ್ಲೇ ನಿಂತೈತೋ ಯಪ್ಪಾ ಅಂದಿದ್ಲು ಹೊಳೆಮ್ಮ, ಗಣಿ ಗೇಟಿನ ಫೋನಿನಾಗ, ಮಧ್ಯಾಹ್ನ ಹನ್ನೆರಡೂವರಿಗೆ — ನಿನ್ನ ಕುದುರಿ ಜಾಲಿಗಿಡದ ಬುಡಕ ನಿಂತಲ್ಲೇ ನಿಂತೈತಿ, ಹಿಂದಿನ ಕಾಲಿಗೆ ತಂತಿ ಸುತಗಂಡೈತಿ, ಕಾಲು ಕೊಡದಂಗ ಬಾತೈತಿ, ಎಷ್ಟು ದಿನ ಆತೋ ಏನೋ, ನಾ ಇಲ್ಲದಾಗ ನೀ ನೋಡ್ತೀನಿ ಅಂದಿದ್ದಿ ಅಲ್ಲ. ನೋಡೀನಲ್ಲ ಅಂದ ಆತ. ಕಂಪ್ಲಿ ದನದ ಡಾಕ್ಟರನ್ನ ಕರಿ, ನಾ ಬರ್ತೀನಿ ಅಂತ ಫೋನು ಇಟ್ಟ, ಕೈಯಾಗಿನ ಸೀಟಿ ಕೂಡ ಗೇಟಿನ ಕಟ್ಟಿ ಮ್ಯಾಲೇ ಬಿಟ್ಟು ಬಂದಾನ.

ನೋಡಿದ್ದು ಸುಳ್ಳಲ್ಲ. ಎರಡು ಹೊತ್ತೂ ನೋಡ್ಯಾನ. ಹೊಳೆಮ್ಮ ಅಂದ್ರ ಆತನ ದೊಡ್ಡವ್ವನ ಮಗಳು, ರಾಮಸಾಗರ ದಾಟಿ ಕಂಪ್ಲಿಗೆ ಹೋಗೋ ರಸ್ತಿ ಮಗ್ಗಲಿಗೆ, ಕಾಲುವಿ ಏರಿ ಕೆಳಗ ಆಕಿದೊಂದು ಹುಲ್ಲಿನ ತುಂಡು ಐತಿ, ಅರ್ಧ ಎಕರೆ, ಅಲ್ಲೇ ಚಂದ್ರಿನ್ನ ಬಿಟ್ಟಿದ್ದು, ಜಟಕಾ ನಿಂತ ವರ್ಷ. ಹೊಸಪೇಟಿಯಾಗ ಇನ್ನೆಲ್ಲಿ ಬಿಡಬೇಕು, ಹುಲ್ಲಿನ ಮ್ಯಾಲೂ ಕೆಂಪು, ನೀರಿನ ಮ್ಯಾಲೂ ಕೆಂಪು, ಕುದುರಿ ಮೂಗು ಒರೆಸಿದ್ರ ಬಟ್ಟಿ ಕುಂಕುಮ. ಮೂವತ್ತು ವರ್ಷ ಸ್ಟೇಷನ್ನಿನಿಂದ ಹಂಪಿ ಬಜಾರಿಗೆ ಜಟಕಾ ಹೊಡದಾನ, ಕಡೀ ಹನ್ನೊಂದು ವರ್ಷ ಚಂದ್ರಿ ಜೊತಿಗೆ, ಆಮ್ಯಾಲೆ ಆಟೋ ಬಂದ್ವು, ಆಟೋ ಹಿಂದ ಲಾರಿ, ಲಾರಿ ಹಿಂದ ಲಾರಿ, ಹಾರ್ನಿಗೆ ಚಂದ್ರಿ ನಡು ರಸ್ತಿಯಾಗ ಎರಡು ಕಾಲ ಮ್ಯಾಲೆ ಎದ್ದಾಕಿ, ಹಿಂದ ಕುಂತ ಮದ್ರಾಸಿನ ಹೆಣ್ಮಗಳು ಚೀರಿದ್ದು ಈಗೂ ಕಿವಿಯಾಗ ಐತಿ. ಗಾಡಿ ಒಂದು ಹೊಟೇಲಿನವ್ರು ಒಯ್ದು ಬಾಗಲ ಮುಂದ ಹೂವಿನ ಕುಂಡಿ ಇಡಾಕ ಇಟಗಂಡಾರ. ಚಂದ್ರಿನ್ನೂ ಕೇಳಿದ್ರು, ಮದುವಿ ಮೆರವಣಿಗಿಗೆ, ಬ್ಯಾಂಡಿನ ಮುಂದ, ಪಟಾಕ್ಷಿ ನಡುವ — ಬ್ಯಾಡ ಅಂದ, ದುಡದಾಳ, ಉಂಡು ಅಡ್ಡಾಡಲಿ ಅಂದ. ಎಷ್ಟು ದೊಡ್ಡ ಮನುಷ್ಯಾ ಅಂತ ತನಗ ತಾನ ಖುಷಿಪಟ್ಟಿದ್ದ ಅವತ್ತು.

ಬಸ್ಸು ಒಂದಿಷ್ಟು ಜರಗ್ತೈತಿ, ಮತ್ತ ನಿಲ್ತೈತಿ. ನಾಲ್ಕೂ ಮುಟ್ಟಿ ಬಂದ್ಯಾ — ಇದು ಅಪ್ಪ ಓಬಳಪ್ಪ ಕೇಳ್ತಿದ್ದ ಮಾತು, ಸತ್ತು ಇಪ್ಪತ್ತು ವರ್ಷಾತು, ಈಗ ಹಿಂದಿನ ಸೀಟಿನಾಗ ಕುಂತು ಕೇಳಿದಂಗಾತು. ಆತನೂ ಜಟಕಾದವನ. ಮುಂಜಾನೆ ಚಾ ಕುಡಿಯೋಕಿಂತ ಮುಂಚೆ ಒಮ್ಮೆ, ದೀಪ ಹಚ್ಚೋಕಿಂತ ಮುಂಚೆ ಒಮ್ಮೆ, ಕುದುರಿ ಲಾಯದಾಗ ಇರಲಿ ಹುಲ್ಲಿಗೆ ಬಿಟ್ಟಿರಲಿ, ಹೋಗಿ ನಾಲ್ಕೂ ಕಾಲು ಮ್ಯಾಲಿಂದ ಕೆಳಗಿನಮಟ ಕೈಲೆ ಸವರಬೇಕು, ಗೊರಸು ಎತ್ತಬೇಕು, ಬಿಸಿ ಐತೋ ತಣ್ಣಗೈತೋ ಅಂಗೈಗೆ ಗೊತ್ತಾಗಬೇಕು. ನೋಡಿ ಬಂದೆ ಅಂದ್ರ ಅಪ್ಪಗ ಸಿಟ್ಟು. ನೋಡಾಕ ಊರಾಗಿನ ಮಂದಿ ಎಲ್ಲಾ ನೋಡ್ತಾರ, ನೀ ಮುಟ್ಟಿ ಬಾ ಅಂತಿದ್ದ, ಮಳಿಯಾಗೂ ಕಳಿಸ್ತಿದ್ದ, ಜ್ವರ ಬಂದಾಗೂ ಕಳಿಸ್ತಿದ್ದ. ಚಂದ್ರಿನ್ನ ಹುಲ್ಲಿಗೆ ಬಿಟ್ಟ ಮೊದಲಿಗೆ ಮೈಲಾರಲಿಂಗಪ್ಪನೂ ಹಂಗ ಮಾಡ್ದ, ಕಂಪ್ಲಿಯಾಗ ಹೆಂಡ್ತಿ ಸುಂಕಮ್ಮನ ತವರುಮನಿ ಮಗ್ಗಲಿಗೇ ಮನಿ ಹಿಡದಿದ್ದೂ ಅದಕ್ಕ, ಮುಂಜಾನೆ ಸೈಕಲ್ ಮ್ಯಾಲೆ ಎರಡು ಮೈಲಿ, ಸಂಜಿಗೆ ಎರಡು ಮೈಲಿ. ಆಮ್ಯಾಲೆ ಗಣಿಯಾಗ ಕೆಲಸ ಸಿಕ್ತು, ಕಂಪನಿ ಬಸ್ಸು ಹೊತ್ತು ಮೂಡೋ ಹೊತ್ತಿಗೇ ಕಂಪ್ಲಿಗೆ ಬರ್ತೈತಿ, ಮುಂಜಾನಿದು ತಪ್ತು. ಸಂಜಿಗೆ ಆ ಹುಲ್ಲಿನ ಹತ್ರ ಇಳದು, ಮುಟ್ಟಿ, ಮನಿತನಕ ನಡಕಂಡು ಹೊಕ್ಕಿದ್ದ. ಆಮ್ಯಾಲೆ ದಿನಾ ಬಿಟ್ಟು ದಿನಾ. ಆಮ್ಯಾಲೆ ಭಾನುವಾರ. ಉಳಿದ ದಿನ ಹೊಳೆಮ್ಮ ಇರ್ತಾಳಲ್ಲ, ಮತ್ತ ಬಸ್ಸಿನಾಗಿಂದ ಕಾಣ್ತೈತಲ್ಲ, ಮೂರನೇ ಕಿಟಕಿ, ಹೋಗ್ತಾ ಎಡಗಡೆ ಒಮ್ಮೆ, ಬರ್ತಾ ಬಲಗಡೆ ಒಮ್ಮೆ. ಎರಡು ಹೊತ್ತು. ಲೆಕ್ಕಕ್ಕ ಸರಿ ಕೂಡ್ತಿತ್ತು ಅದು.

ಮೈ ಭಾರ ಅಂದ್ರ ಭಾರ. ಗೇಟಿನ ಕೆಲಸಕ್ಕ ಮೈ ಯಾಕ ನೋಯಬೇಕು ಅಂತ ಸುಂಕಮ್ಮ ಮೊದಮೊದಲಿಗೆ ನಗ್ತಿದ್ಲು, ಬಂದು ನೋಡಿದ್ರ ಗೊತ್ತಾಕ್ಕಿತ್ತು ಆಕಿಗೆ, ದಿನಕ್ಕ ಮುನ್ನೂರು ಲಾರಿ, ಅದಿರು ತುಂಬಿದ ಒಂದೊಂದು ಲಾರಿದೂ ತಾಡಪತ್ರಿ ಹಗ್ಗ ನಾಲ್ಕೂ ಮೂಲಿ ಕೈಲೆ ಜಗ್ಗಿ ನೋಡಬೇಕು, ಬರೇ ಕಣ್ಣಿಲೆ ನೋಡಿ ಬಿಡಂಗಿಲ್ಲ, ಸೂಪರ್‌ವೈಸರ್ ಮೊದಲನೇ ದಿನಾನ ಹೇಳಿದ್ದ, ಲೇ ಮುದುಕಾ, ಜಗ್ಗಿ ನೋಡು. ಜಗ್ಯಾನ. ಮೂರು ವರ್ಷದಿಂದ ಒಂದು ಲಾರಿದೂ ಬಿಟ್ಟಿಲ್ಲ, ಅಂಗೈ ಚರ್ಮ ಸುಲದು ಮತ್ತ ಬೆಳದು ಮತ್ತ ಸುಲದೈತಿ. ಯಾರದೋ ಮಣ್ಣಿಗೆ ನಾಲ್ಕೂ ಮೂಲಿ ಮುಟ್ಯಾನ. ಈ ಮಾತು ಬಂದ ಕೂಡ್ಲೆ ಮೈಲಾರಲಿಂಗಪ್ಪ ಎರಡೂ ಕೈ ತೊಡಿ ಕೆಳಗ ಇಟಗಂಡು ಕುಂದರ್ತಾನ. ಮಗ್ಗಲಿನವ ಕೇಳ್ತಾನ, ಚಳಿ ಆತೇನ್ರಿ, ಕಿಟಕಿ ಹಾಕ್ರಿ. ಹಾಕೇ ಐತ್ರಿ ಅಂತಾನ ಈತ.

ಹೊಸಪೇಟಿ ಬಸ್ ಸ್ಟ್ಯಾಂಡು, ಇಳಿ, ಓಡು, ಕಂಪ್ಲಿ ಬಸ್ಸು ಹೊಂಡಾಕತ್ತಿತ್ತು, ಹತ್ತು, ಮತ್ತೊಂದು ಕಿಟಕಿ, ಕಮಲಾಪುರ ಕೆರಿ, ಬಾಳಿ ತ್ವಾಟ, ಇಲ್ಲಿಂದ ಮುಂದ ಹಸಿರು, ಇಲ್ಲಿಗೆ ಬಂದ್ರ ದಿನಾ ಮನಸ್ಸು ಹಗುರ ಆಗಿ ನಿದ್ದಿ ಹತ್ತೋದು. ಸೋಮವಾರ ಮುಂಜಾನೆ ಚಂದ್ರಿ ಜಾಲಿಗಿಡದ ಬುಡಕ ಇದ್ಲು. ಅದು ನೆನಪೈತಿ, ಹಿಂದಿನ ದಿನಾನ ಹೊಳೆಮ್ಮ ಮಗಳ ಬಾಣಂತನಕ್ಕ ಸಿರುಗುಪ್ಪಕ್ಕ ಹೋಗಿದ್ಲು, ಅದಕ್ಕ ಎಚ್ಚರಿಟ್ಟು ನೋಡಿದ್ದ, ಕಿಟಕಿ ತಗದು ಬಾಯಾಗ ಎರಡು ಬೆರಳಿಟ್ಟು ಶಿಳ್ಳಿ ಹಾಕಿದ್ದ, ಜಟಕಾ ಕಾಲದ್ದ ಶಿಳ್ಳಿ, ಚಂದ್ರಿ ತಲಿ ಎತ್ತಿದ್ಲು, ಕಿವಿ ನೆಟ್ಟಗ ಮಾಡಿ ಬಸ್ಸು ತಿರುವಿನಾಗ ಮರೆ ಆಗೋತನಕ ನೋಡಿದ್ಲು. ಬಿಳೇ ಮುಖ, ನಡುವ ಬೂದಿ ಬಣ್ಣದ ಮೂಗು. ಆರಾಮ ಅದಾಳ ಬಿಡು ಅಂದ. ಸಂಜಿಗೆ ಬರ್ತಾ — ಜಾಲಿಗಿಡದ ಬುಡಕ. ಶಿಳ್ಳಿ. ತಲಿ ಎತ್ತಿದ್ಲು. ಮಂಗಳವಾರ ಜಾಲಿಗಿಡದ ನೆಳ್ಳು ಈ ಕಡೆ ಇತ್ತು, ಆಕಿ ಬಿಸಿಲಿನಾಗ ನಿಂತಿದ್ಲು, ಚಳಿಗೆ ಬಿಸಿಲು ಕಾಸಾಕತ್ತಾಳ ಅಂದಕಂಡ. ಸಂಜಿಗೆ ನೆಳ್ಳು ಆ ಕಡೆ ಹೋಗಿತ್ತು, ಆಕಿ ಅಲ್ಲೇ. ಶಿಳ್ಳಿ ಹಾಕಿದ, ತಲಿ ಎತ್ತಿದ್ಲು, ಮನಿಗೆ ಹೋಗಿ ಕೈಕಾಲು ತೊಳದು ಕುಂತಾಗ ಸುಂಕಮ್ಮ ರೊಟ್ಟಿ ಬಡಿಯೋದು ನಿಲ್ಲಿಸಿ ಕೇಳಿದ್ಲು, ಹೊಳೆಮ್ಮ ಊರಾಗಿಲ್ಲ, ಒಮ್ಮೆ ಇಳದು ಮೈ ಮುಟ್ಟಿ ಬರಬಾರದಾ. ನಿಂತಾಳ, ಕಂಡ್ಳು, ತಲಿ ಎತ್ತಿದ್ಲು, ಮತ್ತೇನು ಬೇಕು ನಿನಗ ಅಂದ. ಆಕಿ ಮತ್ತ ರೊಟ್ಟಿ ಬಡಿಯಾಕತ್ತಿದ್ಲು. ಉಂಡು ಕೈ ತೊಳಿಯೋದ್ರಾಗ ಕಣ್ಣು ಮುಚ್ಚಿದ್ವು. ಬುಧವಾರ ಚಂದ್ರಿ ಸುತ್ತ ಹುಲ್ಲೇ ಇದ್ದಿಲ್ಲ, ಗುಂಡಗ ಮಣ್ಣು ಕಾಣ್ತಿತ್ತು, ಕುತ್ತಿಗಿ ಎಷ್ಟು ಉದ್ದ ಹೋಗ್ತೈತೋ ಅಷ್ಟಗಲ ಮಣ್ಣು, ಅದನ್ನೂ ನೋಡ್ಯಾನ, ಅಲ್ಲಿ ಹುಲ್ಲು ರುಚಿ ಇರಬೇಕು ಅಂದಕಂಡ — ಹೌದು, ಹಂಗ ಅಂದಕಂಡ, ಮೂವತ್ತು ವರ್ಷ ಕುದುರಿ ಕಟ್ಟಿದ ಮನುಷ್ಯ. ಹತ್ತು ಹೆಜ್ಜಿ ಆಚೆ ಕಾಲುವಿ, ಮೊಣಕಾಲುದ್ದ ಹುಲ್ಲು. ಇವತ್ತು ಮುಂಜಾನೆ ನೋಡೇ ಇಲ್ಲ. ತಲಿ ಗಾಜಿಗೆ ಕೊಟ್ಟು ಮಲಗಿದ್ದ, ಕಣ್ಣು ತಗದಾಗ ಹೊಸಪೇಟಿ ಬಂದಿತ್ತು.

ಮತ್ತ ಆ ತಂತಿ ಯಾರದು. ಅದನ್ನ ನೆನಸಬಾರದು ಅಂತ ಸಂಡೂರಿನಿಂದ ತಡಕಂಡು ಬಂದಾನ. ದೀಪಾವಳಿ ಮುಂದ ಗಣಿಯಾಗ ಬಿಸಾಕಿದ ಹಳೇ ತಂತಿ, ಬೇಲಿಗೆ ಆಕ್ಕೈತಿ ಅಂತ ಆತನ ಹೊತಗಂಡು ಬಂದಿದ್ದ, ಮೂರು ಕಡೆ ಬಿಗದು ಉಳಿದಿದ್ದನ್ನ ಸುತ್ತಿ, ಒಂದು ತುದಿ ಬೊಡ್ಡಿಗೆ ಬಿಗದು, ಜಾಲಿಗಿಡದ ಬುಡಕ ಇಟ್ಟಿದ್ದ, ಮುಂದಿನ ಭಾನುವಾರ ಒಯ್ಯಾಣು ಅಂತ. ಮುಂದಿನ ಭಾನುವಾರ ಚೀನಾಕ್ಕ ಹೋಗೋ ಹಡಗು ಕಾಯಾಕತ್ತೈತಿ ಅಂತ ಡ್ಯೂಟಿಗೆ ಕರದ್ರು. ಅದರ ಮುಂದಿನದಕ್ಕೂ ಕರದ್ರು. ಹುಲ್ಲು ತಂತಿ ಮ್ಯಾಲೆ ಬೆಳೀತು.

ಇಳಸ್ರಿ, ಇಲ್ಲೇ, ಏರಿ ಹತ್ರ. ಸ್ಟಾಪಿಲ್ಲ ಅಂತಾನ ಕಂಡಕ್ಟರು, ಮುಖ ನೋಡಿ ಸೀಟಿ ಊದ್ತಾನ. ಇಳದ ಕಾಲಿಗೆ ನೆಲ ಮೆತ್ತಗೈತಿ, ಎಷ್ಟು ದಿನ ಆತು ಇಲ್ಲಿ ಇಳದು. ಹೊಳೆಮ್ಮ ಬಕೆಟ್ ಹಿಡಕಂಡು ನಿಂತಾಳ, ಡಾಕ್ಟರು ಅಕ್ಷೋಭ್ಯ ಆಚಾರ್ರು ಪ್ಯಾಂಟು ಮಡಚಿ ಹಸಿ ನೆಲದಾಗ ಮೊಣಕಾಲೂರ‍್ಯಾರ, ಹಣಿ ಮ್ಯಾಲಿನ ಅಂಗಾರದ ಕರೇ ಗೆರಿ ಬೆವರಿಗೆ ಕರಗೈತಿ, ಮಗ್ಗಲಿಗೆ ಕತ್ತರಿಸಿ ಹಾಕಿದ ತಂತಿ. ಚಂದ್ರಿ ನಿಂತಾಳ. ಇನ್ನೂ ನಿಂತಾಳ. ಅಷ್ಟು ಸಾಕು ಅನಿಸಿ ಒಂದು ಗಳಿಗಿ ಎದಿ ಹಗುರ ಆತು ಆತಗ, ಮತ್ತ ಅದ ತಪ್ಪು, ನಿಂತಾಳ ಅಂತ ಹಗುರ ಆಗೋದು. ನಾಲ್ಕು ಬಕೆಟ್ ನೀರು ಕುಡೀತೋ ಯಪ್ಪಾ ಅಂತಾಳ ಹೊಳೆಮ್ಮ, ಬೈತಾಳ ಅಂದಕಂಡಿದ್ದ, ಬೈಲಿಲ್ಲ. ಆತ ಮುಂದಿನ ಎಡಗಾಲಿಗೆ ಕೈ ಇಟ್ಟ, ಭುಜದಿಂದ ಕೆಳಗ ಸವರಿದ, ತಣ್ಣಗೈತಿ. ಮುಂದಿನ ಬಲಗಾಲು, ನಡುಗ್ತೈತಿ, ಮೂರು ದಿನದ ಭಾರ ಹೊತ್ತ ಕಾಲು. ಹಿಂದಿನ ಎಡಗಾಲು. ಹಿಂದಿನ ಬಲಗಾಲಿಗೆ ಬಂದು ಕೈ ನಿಂತಿತು, ಮುಟ್ರಿ ಅಂದ್ರು ಡಾಕ್ಟರು, ಈಗ ಅಲ್ಲಿ ಅದಕ್ಕ ನೋವಿಲ್ಲ. ಮುಟ್ಟಿದ. ಮ್ಯಾಲೆ ಬೆಂಕಿ, ತಂತಿ ಗಾಯದ ಕೆಳಗ ಕಲ್ಲು ತಣ್ಣಗಿದ್ದಂಗ ತಣ್ಣಗ. ಅಂಗೈಗೆ ಎಲ್ಲಾ ಗೊತ್ತಾತು, ಡಾಕ್ಟರು ಆಮ್ಯಾಲೆ ಹೇಳಿದ್ದು ಬರೇ ಮಾತು, ತಂತಿ ಎಲುಬಿನತನಕ ಹೋಗೈತ್ರಿ, ಕೆಳಗ ರಕ್ತನ ಇಳದಿಲ್ಲ, ಗೊರಸು ಕಳಚಾಕತ್ತೈತಿ, ನೋವಿಲ್ಲದಂಗ ಮಲಗಿಸೋದೊಂದ ಉಳದೈತಿ, ನೀವು ಹೂಂ ಅನಬೇಕು. ಔಷಧ ಇಲ್ಲೇನ್ರಿ, ದಾವಣಗೆರಿಗೆ, ಬೆಂಗಳೂರಿಗೆ, ಲಾರಿ ಮಾಡಿ ಒಯ್ತೀನ್ರಿ. ಆಚಾರ್ರು ಕೈ ಒರಸಕಂತಾ ಗುಂಡಗಿನ ಮಣ್ಣು ನೋಡಿದ್ರು, ಜಾಲಿಗಿಡ ನೋಡಿದ್ರು. ಮೊದಲನೇ ದಿನಾನ ಕರದಿದ್ರ ಒಂದು ಪಟ್ಟಿ ಕಟ್ಟಿ ಮನಿಗೆ ಹೊಕ್ಕಿದ್ದೆ, ದಿನಾ ಬಂದು ನೋಡ್ತಿದ್ದಿಲ್ಲೇನ್ರಿ. ಎರಡು ಹೊತ್ತೂ ನೋಡೀನ್ರಿ ಅಂದ ಮೈಲಾರಲಿಂಗಪ್ಪ, ಮತ್ತ ತಾನು ಅಂದಿದ್ದು ತನಗ ಕೇಳ್ತು, ನಾಚಿಕಿ ಆತು, ಇಂಥಾ ನಾಚಿಕಿ ಹುಟ್ಟಿದಾಗಿಂದ ಆಗಿದ್ದಿಲ್ಲ.

ಹೂಂ ಅಂದ. ಯಾವಾಗ ಅಂದ ಗೊತ್ತಿಲ್ಲ, ಡಾಕ್ಟರು ಪೆಟ್ಟಿಗಿ ತಗದ್ರು, ತಲಿ ಹಿಡಕಳ್ರಿ ಅಂದ್ರು, ಗಟ್ಟಿ ಹಿಡೀರಿ, ಪರಿಚಯದ ಕೈ ಇದ್ರ ಗಾಬರಿ ಬೀಳಂಗಿಲ್ಲ. ಹಿಡಕಂಡ. ದವಡಿ ಕೆಳಗೊಂದು ಕೈ, ಕಿವಿ ಹಿಂದೊಂದು, ಬೂದಿ ಬಣ್ಣದ ಮೂಗು ಎದಿಗೆ ಹತ್ತೈತಿ, ಬಿಸಿ ಉಸಿರು ಅಂಗಿಯೊಳಗ ಹೋಗ್ತೈತಿ, ಬಂದೀನಿ ಚಂದ್ರಿ, ಇಲ್ಲೇ ಅದೀನಿ, ಇಳದೀನಿ ಇವತ್ತು, ಹುಲ್ಲಿನ ವಾಸನಿ, ಹಳೇ ಬೆವರಿನ ವಾಸನಿ, ಸ್ಟೇಷನ್ನಿನ ಮುಂದಿನ ಬೇವಿನಗಿಡದ ಕೆಳಗ ಹಿಂಗ ನಿಂತು ಎಷ್ಟು ಹೊತ್ತು ಕಳದಾರ ಇಬ್ಬರೂ ಗಿರಾಕಿ ಕಾಯ್ಕಂತಾ, ಹೊತ್ತು ಕಬ್ಬಿನ ಹಿಂದ ಇಳಿಯಾಕತ್ತೈತಿ, ಹೊಳೆಮ್ಮ ಮುಖ ಆ ಕಡೆ ತಿರುಗಿಸ್ಯಾಳ, ಆಗ ರಾಮಸಾಗರದ ತಿರುವಿನಾಗ ಹಾರ್ನು — ಕಂಪನಿ ಬಸ್ಸು, ದಿನದ ಹೊತ್ತಿಗೆ, ದಿನದಂಗ. ಚಂದ್ರಿ ಕಿವಿ ನೆಟ್ಟಗಾದ್ವು. ಆತ ಗಟ್ಟಿ ಹಿಡದಾನ, ಪರಿಚಯದ ಕೈ, ಇಲ್ಲೇ ಅದೀನಲ್ಲೇ, ಇಲ್ಲೇ, ಆಕಿ ಎದಿ ಮ್ಯಾಲಿನ ಮೂಗು ಬಿಡಿಸಿಕಂಡು ಆತನ ಭುಜದ ಮ್ಯಾಲಿಂದ ರಸ್ತಿ ಕಡೆ ನೋಡ್ತಾಳ, ಬಲಗಡೆ ಮೂರನೇ ಕಿಟಕಿ, ಆ ಕಿಟಕಿಯಾಗ ಯಾರೂ ಇಲ್ಲ, ಬಸ್ಸು ಹೊಂಟೈತಿ, ಆಕಿ ತಲಿ ಎತ್ಯಾಳ, ಬಸ್ಸು ಮರೆ ಆತು, ಆಕಿ ತಲಿ ಎತ್ತೇ ಇದ್ಲು.