ಒಂದು ಹಿಡಿ ಹೆಚ್ಚಾದ ಇಂಗ್ಲಿಷು

ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಬರುವ ಇದ್ದಿಲಿನ ಗಾಡಿಗಳನ್ನು ತೂಗಿಸುವ ಶಿವಯೋಗಪ್ಪನಿಗೆ ಇಂಗ್ಲಿಷಿನ ಹುಚ್ಚು ಹಿಡಿಸಿದ್ದು ಶಿವಮೊಗ್ಗದ ಮಹಾಂತಮ್ಮ. ಪಾಪ, ಅವಳು ಮಾಡಿದ್ದು ಇಷ್ಟೇ: ಮಠದ ದಾಸೋಹದಲ್ಲಿ ಮಜ್ಜಿಗೆ ಬಡಿಸುತ್ತ, "ಇನ್ನೊಂದು ಸ್ವಲ್ಪ ಹಾಕ್ಲಾ?" ಎಂದು ಕೇಳಿದ್ದು. ಅಂದಿನಿಂದ ಅವನಿಗೆ ಅನ್ನ ಸೇರಲಿಲ್ಲ. ವಿಚಾರಿಸಿದರೆ, ಅವಳಪ್ಪ ಅಡಿಕೆ ಮಂಡಿಯ ಉಜ್ಜನಪ್ಪ, ಇಂಗ್ಲಿಷ್ ಬಲ್ಲ ಹುಡುಗನಿಗೇ ಮಗಳನ್ನು ಕೊಡುವುದೆಂದು ಹಟ ಹಿಡಿದಿದ್ದ. ಪಕ್ಕದ ಮಂಡಿಯವನ ಅಳಿಯ ರೈಲಿನ ಗಾರ್ಡನ ಹತ್ತಿರ ಇಂಗ್ಲಿಷಿನಲ್ಲಿ ಜಗಳವಾಡಿದ್ದನಂತೆ. ಉಜ್ಜನಪ್ಪನ ಆ ಹೊಟ್ಟೆಕಿಚ್ಚು ಇನ್ನೂ ಆರಿರಲಿಲ್ಲ.

ಶಿವಯೋಗಪ್ಪ ಹಳೆಯದೊಂದು ಡಿಕ್ಷನರಿ ಕೊಂಡ. ಸಣ್ಣ ಪದಗಳನ್ನು ಮುಟ್ಟಲಿಲ್ಲ. ಅವು ದಾರಿಹೋಕರಿಗೂ ಬರುತ್ತವೆ! ಉಸಿರು ಕಟ್ಟಿ ಹೇಳಬೇಕಾದ ಪದಗಳನ್ನೇ ಆರಿಸಿ, ವರ್ಷವಿಡೀ ಗಾಡಿಯ ಎತ್ತುಗಳ ಮುಂದೆ ಉರುಹೊಡೆದ. ಎತ್ತುಗಳು ತಲೆಯಾಡಿಸಿದವು. ಬೇರೆ ಪರೀಕ್ಷಕರು ಅವನಿಗೆ ಸಿಕ್ಕಲಿಲ್ಲ.

ಹೆಣ್ಣು ನೋಡಲು ಹೋದ ದಿನ, ಉಪ್ಪಿಟ್ಟು ಮುಗಿದ ಮೇಲೆ ಉಜ್ಜನಪ್ಪ, "ಎಲ್ಲಿ, ಇಂಗ್ಲಿಷ್‌ನಲ್ಲಿ ಒಂದೆರಡು ಮಾತಾಡಿ, ಕೇಳೋಣ" ಎಂದ. ಶಿವಯೋಗಪ್ಪ ಕಣ್ಣು ಮುಚ್ಚಿ ಶುರುಮಾಡಿದ. ಮ್ಯಾಗ್ನಾನಿಮಿಟಿ, ಇನ್‌ಕಾಂಪ್ರಿಹೆನ್ಸಿಬಲ್, ಟ್ರಾನ್ಸ್‌ಫಿಗರೇಷನ್... ಒಂದಕ್ಕೊಂದು ಸಂಬಂಧವಿಲ್ಲದ ಪದಗಳು ಬಿಚ್ಚಿದ ಮೂಟೆಯಿಂದ ಅಡಿಕೆಯಂತೆ ಉರುಳಿದವು. ಕಣ್ಣು ತೆರೆದಾಗ ಬಾಗಿಲ ಮರೆಯಲ್ಲಿ ಮಹಾಂತಮ್ಮ ಬೆರಗಾಗಿ ನಿಂತಿದ್ದಳು. ಗೆದ್ದೆ ಎಂದುಕೊಂಡ.

ಉಜ್ಜನಪ್ಪ ಎದ್ದು ನಿಂತು ಕೈ ಮುಗಿದ. "ತಪ್ಪಾಯ್ತು ಬುದ್ಧಿ. ತಾವು ಇಷ್ಟು ಓದಿದೋರು ಅಂತ ಗೊತ್ತಿರ್ಲಿಲ್ಲ. ನಮಗೆ ಗಾರ್ಡ್ ಹತ್ರ ಮಾತಾಡೋವಷ್ಟು ಇಂಗ್ಲಿಷ್ ಸಾಕಿತ್ತು. ನಮ್ಮ ಹುಡುಗಿ ಕನ್ನಡ ನಾಲ್ಕನೇ ಕ್ಲಾಸು. ತಮಗೇನಿದ್ರೂ ಮೈಸೂರಲ್ಲಿ ಬಿ.ಎ. ಹುಡುಗೀನೇ ನೋಡ್ಬೇಕು."

"ಅಯ್ಯೋ, ನನಗೆ ಇಂಗ್ಲಿಷ್ ಬರಲ್ಲ! ಇದ್ದಿಲು ತೂಗ್ಸೋನು ಕಣ್ರೀ ನಾನು!" ಶಿವಯೋಗಪ್ಪ ಮಸಿ ಹಿಡಿದ ಅಂಗೈ ಚಾಚಿ ತೋರಿಸಿದ.

"ನೋಡಿದ್ಯಾ ವೀರಮ್ಮ," ಉಜ್ಜನಪ್ಪ ಹೆಂಡತಿಯ ಕಡೆ ತಿರುಗಿದ. "ತುಂಬಿದ ಕೊಡ ತುಳುಕಲ್ಲ ಅಂತಾರಲ್ಲ, ಇದಕ್ಕೇ."

ವೀರಮ್ಮನ ಕಣ್ಣು ಭಕ್ತಿಯಿಂದ ತೇವವಾಯಿತು. "ಬಾರೇ ಮಹಾಂತಿ, ಇಂಥೋರು ಮನೆಗೆ ಬರೋದು ಹೆಚ್ಚು. ಪಾದಕ್ಕೆ ಬೀಳು, ಒಳ್ಳೆ ಗಂಡ ಸಿಗ್ಲಿ ಅಂತ ಹರಸ್ತಾರೆ."

ಮಹಾಂತಮ್ಮ ಬಂದು ಅವನ ಕಾಲಿಗೆರಗಿದಳು. ಅವಳ ಬೆರಳು ಪಾದಕ್ಕೆ ತಾಗಿದಾಗ ಶಿವಯೋಗಪ್ಪನ ಎದೆ ಒಡೆಯಿತು.

"ಇಂಗ್ಲಿಷ್‌ನಲ್ಲೇ ಹರಸಿ ಬುದ್ಧಿ," ಎಂದ ಉಜ್ಜನಪ್ಪ.

ಶಿವಯೋಗಪ್ಪ ಕೈಯನ್ನು ಅವಳ ತಲೆಯ ಮೇಲಿಟ್ಟು, ತನಗೆ ಬರುವ ಪದಗಳಲ್ಲೆಲ್ಲ ಉದ್ದವಾದದ್ದನ್ನು ಹೇಳಿದ. ಮನೆಯವರೆಲ್ಲ ಕೈ ಮುಗಿದರು. ಮಹಾಂತಮ್ಮನೂ ಮುಗಿದಳು.