ಬೆಳಕು ಸೋರಿದ ಮೂಲೆ

ನಾನು ವಿಶಾಲಾಕ್ಷಮ್ಮ, ಅಜ್ಜಂಪುರದಲ್ಲಿ ಗಂಡು ಹೆಣ್ಣಿನ ಸಂಬಂಧ ಕೂಡಿಸುವವಳು. ನೂರಾರು ಹೆಣ್ಣುಮಕ್ಕಳ ಫೋಟೋ, ಜಾತಕ, ಫೋನ್ ನಂಬರು ಎಲ್ಲ ನನ್ನ ಹಳೇ ಲ್ಯಾಪ್‌ಟಾಪಿನಲ್ಲಿವೆ. ಯಾರ ಮೊಬೈಲಿಗೂ ಒಂದನ್ನೂ ಕಳಿಸಿದವಳಲ್ಲ. ಬೇಕಾದವರು ನನ್ನ ಜಗಲಿಗೇ ಬಂದು ನೋಡಬೇಕು. ಆದರೆ ಅದರ ಪರದೆ ಎರಡು ವರ್ಷದಿಂದ ಮಂಕಾಗಿ, ಈಚೆಗೆ ಪರದೆಗೆ ಟಾರ್ಚ್ ಬೆಳಕು ಬಿಟ್ಟು ಮುಖ ತೋರಿಸುವ ಗತಿ ಬಂದಿತ್ತು. ಭಾನುವಾರ ನನ್ನ ತಂಗಿಯ ಮಗಳು ಶಾಂಭವಿಯ ನಿಶ್ಚಿತಾರ್ಥ. ನಾನೇ ಮುಂದೆ ನಿಂತು ಕೂಡಿಸಿದ್ದು. ಬಂದ ನೆಂಟರಲ್ಲಿ ಹತ್ತು ಜನವಾದರೂ ಸಂಬಂಧ ಕೇಳುತ್ತಾರೆ, ಅವರೆದುರು ಟಾರ್ಚ್ ಹಿಡಿದು ಕೂರಲೇ?

ಗುರುವಾರ ಬೆಳಗ್ಗೆಯೇ ಬಸ್ಸು ಹತ್ತಿ ತರೀಕೆರೆಯ ತಾಹಾನ ರಿಪೇರಿ ಅಂಗಡಿಗೆ ಹೋದೆ.

"ಪರದೆ ಹಿಂದಿರೋ ಟ್ಯೂಬ್ ಸತ್ತೋಗಿದೆ ಅಮ್ಮ. ಎಲ್‌ಇಡಿ ಪಟ್ಟಿ ಹಾಕ್ತೀನಿ, ಸಾಯಂಕಾಲ ಬನ್ನಿ," ಎಂದ.

ಸಾಯಂಕಾಲ ಬರಬೇಕಂತೆ. ಅಷ್ಟರಲ್ಲಿ ಎಷ್ಟು ಹೆಣ್ಣುಮಕ್ಕಳ ಮುಖ ಇವನ ಪೆನ್‌ಡ್ರೈವಿಗೆ ಇಳಿದಿರುತ್ತದೋ ಯಾರು ಕಂಡರು? ಸ್ಟೂಲು ಎಳೆದುಕೊಂಡು ಎದುರಿಗೇ ಕೂತೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಚಹಾ ತರಿಸಿದ, ಮುಟ್ಟಲಿಲ್ಲ. ಅವನು ಫೋನ್ ಎತ್ತಿದಾಗಲೆಲ್ಲ "ಯಾರಪ್ಪಾ ಅದು?" ಎಂದು ಕೇಳಿದೆ. ಪಾಪ, ಪ್ರತಿಸಲವೂ ಹೇಳಿದ.

ಮಧ್ಯಾಹ್ನದ ಹೊತ್ತಿಗೆ ಕೂದಲೆಳೆಯಂಥ ಟ್ಯೂಬು ತೆಗೆದು, ಪಟ್ಟಿ ಅಂಟಿಸಿ, ಪರದೆ ಹೊತ್ತಿಸಿದ. ಹಗಲಾದಂತಾಯಿತು. ಖುಷಿಯಾದರೂ ಮುಖದಲ್ಲಿ ತೋರಿಸಿಕೊಳ್ಳಲಿಲ್ಲ.

"ಕಪ್ಪು ಜಾಸ್ತಿ ಇರೋ ಒಂದು ಫೋಟೋ ತೆಗೀರಿ. ಮೂಲೆಯಲ್ಲಿ ಬೆಳಕು ಸೋರ್ತಿದ್ರೆ ಕಪ್ಪಲ್ಲೇ ಗೊತ್ತಾಗೋದು," ಎಂದ.

ಬಂತಲ್ಲ ಬುದ್ಧಿ ಹೊರಗೆ, ಅಂದುಕೊಂಡೆ. ಹೆಣ್ಣುಮಕ್ಕಳದ್ದು ತೆಗೆಯಲಿಲ್ಲ. ಶಾಂಭವಿಗೆ ಗೊತ್ತುಮಾಡಿದ ಗಂಡು, ದೇವನೂರಿನ ಪ್ರಸನ್ನಕುಮಾರನ ಫೋಟೋ ತೆಗೆದೆ. ಸುತ್ತ ಕಡುಗಪ್ಪು, ನಡುವೆ ನಗುಮುಖ. ಮಠದಲ್ಲಿ ಓಡಾಡುವ ಮನೆತನ. ಅವರೇ ಹುಡುಕಿಕೊಂಡು ಬಂದಾಗ ಹಿಂದುಮುಂದು ವಿಚಾರಿಸಲು ನಾನೇ ನಾಚಿದ್ದೆ.

ತಾಹಾ ಹುಬ್ಬು ಗಂಟಿಕ್ಕಿದ. "ಎಡಗಡೆ ಕೆಳಗೆ ಸೋರ್ತಿದೆ."

"ಹೊಸದಾಗಿ ಹಾಕಿದ್ದೂ ಸೋರತ್ತೇನೋ? ಹಳೇ ಪಟ್ಟಿ ಅಂಟಿಸಿದ್ಯೇನೋ ನೀನು."

ಅವನು ಮತ್ತೆ ಬಿಚ್ಚಿದ, ಮತ್ತೆ ಅಂಟಿಸಿದ. ಬೂದು ಕಲೆ ಅಲ್ಲೇ ಇತ್ತು. ನಾನು ಬಾಯಿಗೆ ಬಂದದ್ದು ಅಂದೆ. ಅವನು ಮೌಸ್ ಹಿಡಿದು ಫೋಟೋವನ್ನು ಪಕ್ಕಕ್ಕೆ ಜರುಗಿಸಿದ. ಕಲೆಯೂ ಫೋಟೋ ಜೊತೆಗೇ ಜರುಗಿತು.

"ಅಮ್ಮ, ಇದು ನನ್ನ ಬೆಳಕಲ್ಲ. ಫೋಟೋದಲ್ಲೇ ಇದೆ. ಯಾರೋ ಕಪ್ಪು ಬಳಿದವ್ರೆ," ಎಂದು ದೊಡ್ಡದು ಮಾಡಿದ.

ತೆಳು ಕಪ್ಪಿನಡಿ ಹಸಿರು ಬಳೆ ತೊಟ್ಟ ಹೆಣ್ಣಿನ ಕೈ. ಅದರ ಮೇಲೆ ಪ್ರಸನ್ನಕುಮಾರನ ಕೈ. ಎರಡಕ್ಕೂ ಅರಿಶಿನದ ಕಂಕಣ. ಮದುವೆ ಮಂಟಪದಲ್ಲಿ ತೆಗೆದ ಫೋಟೋ ಅದು. ತಾಹಾ ಪರದೆಯಿಂದ ಮುಖ ತಿರುಗಿಸಿಕೊಂಡು ಸ್ಕ್ರೂ ಹಾಕತೊಡಗಿದ. ಅವನಿಗೆ ಅಂದ ಮಾತೆಲ್ಲ ನೆನಪಾಗಿ ನನಗೆ ನಾಚಿಕೆಯಾಯಿತು.

ಅಲ್ಲಿಂದಲೇ ಪ್ರಸನ್ನಕುಮಾರನಿಗೆ ಫೋನ್ ಮಾಡಿದೆ. "ಫೋಟೋದಲ್ಲಿ ನಿನ್ನ ಪಕ್ಕ ಇರೋ ಹೆಣ್ಣು ಯಾರಪ್ಪಾ?"

"ಅದ್ ನಿಮ್ಗೆ ಹೆಂಗ್ ಕಾಣ್ತು?" ಎಂದ.

ಯಾರೂ ಇಲ್ಲವಲ್ಲ ಎನ್ನಲಿಲ್ಲ. ಅಷ್ಟು ಸಾಕಾಯಿತು.

ತಂಗಿ ಮನೆಗೆ ಫೋನ್ ಹಚ್ಚಿದರೆ ಶಾಂಭವಿಯೇ ಎತ್ತಿದಳು. ಹಿಂದೆ ಶಾಮಿಯಾನದವನ ಜೊತೆ ಅವಳಪ್ಪ ಮಾತಾಡುತ್ತಿದ್ದುದು ಕೇಳಿಸುತ್ತಿತ್ತು. ಎಲ್ಲವನ್ನೂ ಹೇಳಿದೆ. "ಭಾನುವಾರ ಬ್ಯಾಡ ಕಣೇ. ತಪ್ಪೆಲ್ಲ ನಂದು, ನಾನು ವಿಚಾರಿಸ್ಲಿಲ್ಲ."

ಅವಳು ಅಳಲಿಲ್ಲ, ಬೈಯಲೂ ಇಲ್ಲ.

"ನಂಗೆ ಆ ಮುಖ ಯಾಕೋ ಹಿಡಿಸಿರ್ಲಿಲ್ಲ ದೊಡ್ಡಮ್ಮ," ಎಂದಳು. "ನೀನು ಎಲ್ಲರ ಮೇಲೂ ಅನುಮಾನ ಪಡೋಳು, ನೀನೇ ಒಪ್ಪಿದ್ದೀಯಲ್ಲ ಅಂತ ಸುಮ್ಮನಾದೆ."