ನೆದೋಸ್ಪಾವ್ ಎಂದು ಕೂಗಿದಾಗ ಎದ್ದವರಿಬ್ಬರು

ನನ್ನ ಮಗಳು ಕಲಿನಾಳಿಗೆ ಗಂಡು ಸಿಕ್ಕಿದ್ದು ಹಲ್ಲಿನ ಡಾಕ್ಟರ ಬಾಗಿಲಲ್ಲಿ. ಆಗ ಅವಳು ಬ್ಯಾವಿಸ್ತೋಕ್ ಪಟ್ಟಣದಲ್ಲಿ ಶಾಲೆಯ ಟೀಚರು. ದವಡೆ ಊದಿಸಿಕೊಂಡು ಕಾಯುತ್ತ ಕೂತಿದ್ದಾಳೆ. ನರ್ಸು ಬಾಗಿಲು ತೆಗೆದು "ನೆದೋಸ್ಪಾವ್!" ಎಂದು ಕೂಗಿದಳು. ಇವಳು ಎದ್ದಳು. ಎದುರಿನ ಬೆಂಚಿನಿಂದ ಒಬ್ಬ ಹುಡುಗನೂ ಎದ್ದ.

"ನನ್ನ ಹೆಸರು ಕರೆದ್ರು" ಅಂದಳು ಇವಳು.

"ಇಲ್ಲ, ನನ್ನದು" ಅಂದ ಅವನು.

ಒಬ್ಬರನ್ನೊಬ್ಬರು ನಂಬದೆ ಇಬ್ಬರೂ ಗುರುತಿನ ಚೀಟಿ ತೆಗೆದು ತೋರಿಸಿಕೊಂಡರಂತೆ. ಅಷ್ಟರಲ್ಲಿ ಮೂರನೆಯವರು ಯಾರೋ ಒಳಗೆ ನುಗ್ಗಿ ಕುರ್ಚಿ ಹಿಡಿದಿದ್ದರು. ಹಲ್ಲುನೋವು ಇಟ್ಟುಕೊಂಡೇ ಆ ಸಂಜೆ ಇಬ್ಬರೂ ಕಾಫಿಗೆ ಹೋದರು. ಮುಂದಿನ ವಸಂತಕ್ಕೆ "ಅಮ್ಮಾ, ಭಾನುವಾರ ನೋರ್ಬರ್ತ್‌ನ ಊಟಕ್ಕೆ ಕರ್ಕೊಂಡು ಬರ್ತೀನಿ" ಎಂದು ಫೋನು ಬಂತು.

ನಾನು ಈ ಮನೆಗೆ ಸೊಸೆಯಾಗಿ ಬಂದವಳು. ನನ್ನ ತವರಿನ ಹೆಸರು ಬೀದಿಗೆ ಹತ್ತು ಮನೆಯವರಿಗೆ ಇರುವಂಥದ್ದು. ಆದರೆ ನೆದೋಸ್ಪಾವ್ ಅನ್ನುವ ಮನೆತನದ ಹೆಸರು ಈ ಮನೆಯವರಿಗೆ ಕಿರೀಟ. ಅದರ ಅರ್ಥ 'ನಿದ್ದೆ ಸಾಲದವನು' ಅಂತ, ಅಷ್ಟೇ. ಆದರೂ ನನ್ನ ಮಾವನ ಅಪ್ಪ ವಲೆಂತಿ ಎಂಬ ಮುದುಕ ಬದುಕಿರುವವರೆಗೂ ಊರಿಗೆಲ್ಲ ಸಾರುತ್ತಿದ್ದನಂತೆ: "ಇಡೀ ಪೋಲೆಂಡ್ ಜಾಲಾಡಿ, ಈ ಹೆಸರು ನನ್ನ ಹೊಸಿಲಾಚೆ ಸಿಕ್ಕಿದ್ರೆ ಮೀಸೆ ಬೋಳಿಸ್ತೀನಿ." ಮೀಸೆಯ ಸಮೇತವೇ ಅವನು ಮಣ್ಣಾದ.

ಹಾಗಾಗಿ ನೋರ್ಬರ್ತ್ ಬಂದ ಭಾನುವಾರ ನಮ್ಮ ಮನೆಯಲ್ಲಿ ಕುತೂಹಲವೋ ಕುತೂಹಲ. ಹುಡುಗ ಎತ್ತರಕ್ಕೆ, ತೆಳ್ಳಗೆ, ಕಿವಿ ಸ್ವಲ್ಪ ಅಗಲ. ನನ್ನ ಅತ್ತೆ ಲಿಯೊಕಾದಿಯಾಗೆ ಹೂವು ಕೊಟ್ಟು ಕೈಗೆ ಮುತ್ತಿಟ್ಟ. ಅತ್ತೆ ಕರಗಿಹೋಗಿ ಅವನ ತಟ್ಟೆಗೆ ಕೋಳಿ ಸಾರು, ಶ್ಯಾವಿಗೆ ಬಡಿಸಿದ್ದೇ ಬಡಿಸಿದ್ದು.

ನನ್ನ ಗಂಡ ಜೆನೋನ್ ಹೆಸರಿನ ಕತೆ ತೆಗೆದ. "ನಮ್ಮ ಮೂಲಪುರುಷ ಈ ಊರಿನ ಗಿರಣಿಯವನು ಕಣಪ್ಪ. ಒಂದು ವರ್ಷ ಹೊಳೆ ಏರಿ ಒಡ್ಡು ಒಡೆಯೋ ಹಾಗಾಯ್ತು. ನೆರೆ ಇಳಿಯೋವರೆಗೂ ಅವನು ಕಣ್ಣು ಮುಚ್ಚದೆ ಕಾದ. ಊರು ಉಳೀತು. ಅವತ್ತಿಂದ ನೆದೋಸ್ಪಾವ್."

"ಅಪ್ಪಾ, ಪಕ್ಕದ ಮನೆಯವರು ಹೇಳೋ ಕತೇನೂ ಹೇಳು" ಅಂದಳು ಕಲಿನಾ.

"ಅದು ಹೊಟ್ಟೆಕಿಚ್ಚಿನ ಕತೆ."

"ನಾನು ಹೇಳ್ತೀನಿ. ಆ ಮೂಲಪುರುಷ ಪ್ರತಿ ಭಾನುವಾರ ಚರ್ಚಲ್ಲಿ ಗೊರಕೆ ಹೊಡೀತಿದ್ದ. ಪಾದ್ರಿ ಸಿಟ್ಟಿಂದ 'ಪಾಪ, ನಿದ್ದೆ ಸಾಲ್ದು ಇವನಿಗೆ' ಅಂದ್ರು. ಅದೇ ಅಂಟ್ಕೊಂಡ್ತು."

ನೋರ್ಬರ್ತ್ ಬಿದ್ದು ಬಿದ್ದು ನಕ್ಕ. "ನಮ್ಮಲ್ಲಿ ಇದ್ಯಾವುದೂ ಗೊತ್ತಿಲ್ಲ. ನಮ್ಮ ಹೆಸರು ಎಲ್ಲಿಂದ ಬಂತು ಅಂದ್ರೆ ಅಜ್ಜಿ 'ಆಕಾಶದಿಂದ ಬಿತ್ತು' ಅಂತಾರೆ."

"ನಿಮ್ಮೂರು ಯಾವುದಪ್ಪ?" ಅತ್ತೆ ಕೇಳಿದರು.

"ವಾವ್‌ಬ್ಜಿಖ್, ಅಜ್ಜಿ. ದೇಶದ ಆ ಕಡೆ ಕೊನೆ. ನಮ್ಮಜ್ಜ ಅಲ್ಲಿ ಕಲ್ಲಿದ್ದಲ ಗಣಿಯಲ್ಲಿದ್ರು. ನಾನು ನೋಡಿಲ್ಲ. ನಮ್ಮಪ್ಪ ಕೈಗೂಸಾಗಿದ್ದಾಗಲೇ ತೀರಿಕೊಂಡ್ರಂತೆ, ಐವತ್ತೆಂಟನೇ ಇಸವಿಯಲ್ಲಿ."

ಅತ್ತೆ ಸಾರಿನ ಸೌಟನ್ನು ಮೆಲ್ಲಗೆ ಪಾತ್ರೆಯಲ್ಲಿಟ್ಟರು. "ನನಗೆ ಯಾಕೋ ತಲೆ ಸುತ್ತುತ್ತೆ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹುಡುಗ ಹೊರಡುವಾಗಲೂ ಹೊರಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಆಲೂಗಡ್ಡೆ ಹೆರೆಯುತ್ತ ಕೂತಿದ್ದೆ. ಅತ್ತೆ ಬಂದು ಎದುರಿಗೆ ಕೂತರು. ಮುಖ ಬೂದಿಯಾಗಿತ್ತು.

"ಬೊಗುಶಾ, ಈ ಮದುವೆ ಆಗಬಾರದು."

"ಯಾಕತ್ತೆ? ನಿನ್ನೆ ಅಷ್ಟು ಚೆನ್ನಾಗಿ ಬಡಿಸಿದ್ರಿ."

"ಜೆನೋನ್‌ಗೆ ಹೇಳಲ್ಲ ಅಂತ ಮಾತು ಕೊಡು."

ಕೊಟ್ಟೆ. ಅವರು ಸೊಂಟಕ್ಕೆ ಕಟ್ಟಿಕೊಂಡಿದ್ದ ಅಡುಗೆಬಟ್ಟೆಯ ಅಂಚನ್ನು ಮಡಿಸುತ್ತ, ಬಿಚ್ಚುತ್ತ ಹೇಳಿದರು. ಈಗ ತೀರಿಹೋಗಿರುವ ನನ್ನ ಮಾವ ತೆಲೆಸ್ಫೋರ್, ಮದುವೆಯಾದ ಹೊಸದರಲ್ಲಿ ಗಣಿ ಕೆಲಸಕ್ಕೆಂದು ಹೋಗಿದ್ದು ಅದೇ ವಾವ್‌ಬ್ಜಿಖ್‌ಗೆ. ಇಲ್ಲಿ ಅತ್ತೆ ಕೂಸು ಜೆನೋನ್‌ನನ್ನು ಕಟ್ಟಿಕೊಂಡು ತಮ್ಮ ಮಾವ ವಲೆಂತಿಯ ಮನೆಯಲ್ಲಿ. ನನ್ನ ಮಾವ ಕ್ರಿಸ್ಮಸ್ಸಿಗೆ, ಕುಯ್ಲಿಗೆ ಬಂದು ಹೋಗುತ್ತಿದ್ದರು. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಗಂಟುಮೂಟೆ ಕಟ್ಟಿಕೊಂಡು ಬಂದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಗಣಿಯ ಮಾತೆತ್ತಿದರೆ ಎದ್ದು ಹೊಲಕ್ಕೆ ಹೋಗುತ್ತಿದ್ದರು.

"ಅಲ್ಲಿ ಒಬ್ಬಳು ಇದ್ದಾಳೆ ಅಂತ ನನಗೆ ಆವಾಗಲೇ ಅನಿಸಿತ್ತು. ಕೇಳೋಕೆ ಧೈರ್ಯ ಬರಲಿಲ್ಲ. ವಾಪಸ್ ಬಂದನಲ್ಲ, ಸಾಕು ಅಂದ್ಕೊಂಡೆ. ಅವನು ಬಂದದ್ದೂ ಐವತ್ತೆಂಟರಲ್ಲೇ ಬೊಗುಶಾ. ಅಲ್ಲಿ ಸತ್ತವನು, ಇಲ್ಲಿ ಬಂದವನು, ಇಬ್ಬರೂ ಒಬ್ಬನೇ. ಮಗೂಗೆ 'ನಿಮ್ಮಪ್ಪ ಓಡಿಹೋದ' ಅನ್ನೋ ಬದಲು 'ಸತ್ತ' ಅಂತ ಹೇಳಿರ್ತಾಳೆ ಅವಳು."

"ಅತ್ತೆ, ಅದೇ ಹೆಸರು ಬೇರೆ ಯಾರಿಗಾದ್ರೂ..."

"ಯಾರಿಗಿದೆ? ಹೇಳು, ಯಾರಿಗಿದೆ?" ಅವರ ದನಿ ಒಡೆಯಿತು. "ಆ ಹುಡುಗನ ಕಿವಿ ನೋಡ್ದೇನು? ನಮ್ಮ ಜೆನೋನ್‌ಗೂ ಅವನಪ್ಪನಿಗೂ ಒಬ್ಬನೇ ತಂದೆ ಆದ್ರೆ, ಈ ಮಕ್ಕಳು ಏನಾದ್ರು? ಅಣ್ಣ ತಂಗಿ!"

ಹೆದರಿದ ಕಣ್ಣಿಗೆ ಎಲ್ಲರ ಕಿವಿಯೂ ಒಂದೇ ಥರ ಕಾಣುತ್ತವೆ. ಹಾಗಂತ ಹೇಳಬೇಕೆಂದುಕೊಂಡೆ, ಆದರೆ ಹೆರೆದ ಆಲೂಗಡ್ಡೆಯನ್ನೇ ಮತ್ತೆ ಹೆರೆಯತೊಡಗಿದೆ. ಮಾವನನ್ನು ನಾನು ಬಲ್ಲೆ. ನೊಣವನ್ನೂ ಬೈದವರಲ್ಲ. ಆದರೆ ಗಣಿಯ ಮಾತು ಬಂದರೆ ಎದ್ದು ಹೋಗುತ್ತಿದ್ದದ್ದು ಮಾತ್ರ ನಿಜ, ನಾನೇ ಕಂಡಿದ್ದೆ.

ಎರಡು ವಾರ ಮನೆ ಮಸಣದಂತಿತ್ತು. ಕಲಿನಾ ಫೋನು ಮಾಡಿ "ಅಜ್ಜಿಗೆ ನೋರ್ಬರ್ತ್ ಇಷ್ಟ ಆಗಲಿಲ್ವಾ?" ಎಂದು ಅಳುತ್ತಾಳೆ. ಜೆನೋನ್ "ಇವರಿಗೇನಾಗಿದೆ?" ಎಂದು ನನ್ನ ಮೇಲೆ ಹರಿಹಾಯುತ್ತಾನೆ. ಕೊನೆಗೆ ನಾನೇ ಹೇಳಿದೆ: "ಅತ್ತೆ, ಆ ಹುಡುಗನ ಅಜ್ಜಿ ಇನ್ನೂ ಬದುಕಿದ್ದಾರೆ. ಹೋಗಿ ಕೇಳೋಣ. ಬೀಗರ ಮನೆ ನೋಡೋ ನೆಪ ಇದ್ದೇ ಇದೆ."

"ಅವಳ ಮುಖ ನಾನು ನೋಡ್ಬೇಕಾ?"

"ನೀವು ನೋಡದೆ ಇದ್ರೆ ಕಲಿನಾ ಜೀವನ ಪೂರ್ತಿ ನಿಮ್ಮ ಮುಖ ನೋಡಲ್ಲ."

ಅತ್ತೆ ಪೆಟ್ಟಿಗೆಯಿಂದ ತಮ್ಮ ಕಪ್ಪು ಕೋಟು ತೆಗೆದು ಬ್ರಷ್ ಹಾಕತೊಡಗಿದರು. ಸಾವಿಗೆ ಹೋಗುವಾಗ ಹಾಕುವ ಕೋಟು ಅದು.

ವಾರ್ಸಾದಲ್ಲಿ ರೈಲು ಬದಲಿಸಿ, ವ್ರೊತ್ಸ್ವಾಫ್‌ನಲ್ಲಿ ಇನ್ನೊಂದು ಹಿಡಿದು ಹೋದೆವು. ದಾರಿಯುದ್ದಕ್ಕೂ ಅತ್ತೆ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಬೇಯಿಸಿದ ಮೊಟ್ಟೆ ಕೊಟ್ಟರೆ ಬೇಡ, ಚಹಾ ಕೊಟ್ಟರೆ ಬೇಡ. ಬೆಟ್ಟಗಳು ಶುರುವಾದಾಗ ಒಮ್ಮೆ ಮಾತ್ರ "ಇಷ್ಟು ದೂರ ಬರ್ತಿದ್ನಾ ಪಾಪ" ಅಂದರು. ಮರುಗಳಿಗೆಗೆ "ಪಾಪ ಏನು ಪಾಪ!" ಎಂದು ತಮ್ಮನ್ನೇ ಗದರಿಕೊಂಡರು.

ನೋರ್ಬರ್ತ್ ಸ್ಟೇಷನ್ನಿಗೆ ಬಂದಿದ್ದ. ಅವನ ಅಜ್ಜಿ ಒತಿಲಿಯಾ ಹಳೆಯ ಇಟ್ಟಿಗೆ ಕಟ್ಟಡದ ಮೇಲ್ಮಹಡಿಯಲ್ಲಿ ಇದ್ದರು. ಗುಂಡಗಿನ ಹೆಂಗಸು, ದೊಡ್ಡ ಗಂಟಲು. "ಬನ್ನಿ, ಬನ್ನಿ, ಮೆಟ್ಟಿಲು ಹತ್ತಿ ಉಸಿರು ಹೋಯ್ತಲ್ಲ! ಈ ಹುಡುಗ, ಹುಡುಗಿ ಹೆಸರು ಕಲಿನಾ ಅಂತ ಒಂದು ಹೇಳಿದಾನೆ, ಮಿಕ್ಕಿದ್ದೆಲ್ಲ 'ಅಜ್ಜಿ, ನಿಂಗೊಂದು ತಮಾಷೆ ಇದೆ, ಎದುರಿಗೇ ಹೇಳ್ತೀನಿ' ಅಂತಾನೆ. ಕೋಟು ಕೊಡಿ ಇಲ್ಲಿ."

ಅತ್ತೆ ಕೋಟು ಕೊಡಲಿಲ್ಲ. ಅವರ ಕಣ್ಣು ಗೋಡೆಯ ಮೇಲೆ ನೆಟ್ಟಿತ್ತು. ಅಲ್ಲೊಂದು ಮದುವೆಯ ಫೋಟೋ. ನಡುವೆ ಬಿಳಿ ಉಡುಪಿನ ಒತಿಲಿಯಾ. ಅವರ ಪಕ್ಕದಲ್ಲಿ, ತಲೆ ಬಾಚಿಕೊಂಡು, ಎದೆಗೆ ಹೂವು ಸಿಕ್ಕಿಸಿಕೊಂಡು, ನನ್ನ ಮಾವ.

ಮದುವೆಯನ್ನೇ ಆಗಿದ್ದರೇ!

"ಅದು ನನ್ನ ಗಂಡ" ಅಂದರು ಅತ್ತೆ. ದನಿ ಏರಿಸಲಿಲ್ಲ. ಕೈಯೆತ್ತಿ ತೋರಿಸಿದರು, ಅಷ್ಟೇ. "ನಾನು ಲಿಯೊಕಾದಿಯಾ ನೆದೋಸ್ಪಾವ್. ಆ ನಿಂತಿದಾನಲ್ಲ, ಅವನು ನನ್ನ ಗಂಡ."

ಒತಿಲಿಯಾ ಫೋಟೋ ನೋಡಿದರು, ಅತ್ತೆಯನ್ನು ನೋಡಿದರು. ಎರಡೂ ಕೈ ಬಾಯಿಗೆ ಹೋಯಿತು.

"ಲೋಜಾ?" ಅಂದರು. "ನೀನು ತೆಲೆಕ್‌ನ ಲೋಜಾನಾ?"

ತೆಲೆಕ್ ಅಂದರೆ ನನ್ನ ಮಾವ ತೆಲೆಸ್ಫೋರ್; ಅತ್ತೆಯನ್ನು ಲೋಜಾ ಎಂದು ಕರೆಯುತ್ತಿದ್ದವರು ಅವರೊಬ್ಬರೇ. ಅತ್ತೆ ಕುರ್ಚಿಯ ಬೆನ್ನು ಹಿಡಿದುಕೊಂಡರು.

"ನನ್ನ ಹೆಸರನ್ನ ಬೇರೆ ಹೇಳಿಕೊಟ್ಟಿದಾನೆ ನಿಂಗೆ!"

"ಹೇಳಿಕೊಟ್ಟಿದಾನಾ? ನಮ್ಮ ಕಿವಿ ತೂತು ಮಾಡಿದಾನೆ! 'ಲೋಜಾ ಮಾಡೋ ಸಾರು, ಲೋಜಾ ಹೆಣೆದ ಕಾಲುಚೀಲ.' ನನ್ನ ಮದುವೆ ದಿನವೂ ಅದೇ ಪುರಾಣ. ನಮ್ಮ ಯಜಮಾನರು ಹೇಳ್ತಿದ್ರು, 'ಈ ಲೋಜಾ ಎದುರಿಗೆ ಬಂದ್ರೆ ನೋಡದೇನೇ ಗುರುತು ಹಿಡೀತೀನಿ' ಅಂತ."

"ನಿಮ್ಮ... ಯಜಮಾನರು?"

"ಇವರು!" ಒತಿಲಿಯಾ ಫೋಟೋದಲ್ಲಿ ತಮ್ಮ ಇನ್ನೊಂದು ಪಕ್ಕ ಬೆರಳಿಟ್ಟರು. ಅಲ್ಲಿ ಅವರ ಭುಜದೆತ್ತರದ ಒಬ್ಬ ಕುಳ್ಳ, ಅಗಲ ಕಿವಿಯವನು, ಹಲ್ಲು ಬಿಟ್ಟು ನಗುತ್ತಿದ್ದ. ಅವನನ್ನು ನಾವಿಬ್ಬರೂ ನೋಡಿರಲೇ ಇಲ್ಲ. "ಹೆರೋನಿಮ್. ನಿನ್ನ ಗಂಡ ಮದುಮಗನ ಗೆಳೆಯ ಕಣಮ್ಮ, ಸಾಕ್ಷಿಗೆ ನಿಂತವನು. ಯಾಕೆ, ನೀನೇನು ಅಂದ್ಕೊಂಡೆ?"

ಅತ್ತೆ ಏನಂದುಕೊಂಡಿದ್ದರೆಂಬುದು ಆ ಮುಖದಲ್ಲೇ ಬರೆದಿತ್ತು. ಒತಿಲಿಯಾ ಅದನ್ನು ಓದಿಕೊಂಡು ಮೊದಲು ಕೆಂಪಾದರು, ಆಮೇಲೆ ಧೊಪ್ಪನೆ ಸೋಫಾದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕರು.

"ಮತ್ತೆ ಹೆಸರು?" ಅಂದೆ ನಾನು. "ನಿಮಗೆ ನಮ್ಮ ಹೆಸರು ಹೇಗೆ ಬಂತು?"

ನಗು ನಿಂತಿತು. ಒತಿಲಿಯಾ ಮೊಮ್ಮಗನ ಕಡೆ ನೋಡಿದರು. "ನೋರ್ಬರ್ತ್, ನೀನು ಸ್ವಲ್ಪ ಹೊರಗೆ ಹೋಗಪ್ಪ."

"ಹೋಗಲ್ಲ ಅಜ್ಜಿ. ನನ್ನ ಮದುವೆ ಇದು."

"ಹಾಗಾದ್ರೆ ಕೇಳಿ ಸಾಯಿ. ನಿಮ್ಮಜ್ಜನ ಮೊದಲಿನ ಮನೆತನದ ಹೆಸರು ಗ್ನೋಯೆಕ್."

ನಾನು ತುಟಿ ಕಚ್ಚಿಕೊಂಡೆ. ಗ್ನೋಯೆಕ್ ಅಂದರೆ ತಿಪ್ಪೆ ಹೈದ. ನಮ್ಮಲ್ಲಿ ಪುಂಡ ಪೋರರನ್ನು ಬೈಯುವ ಮಾತು ಅದು.

"ಬೆಳಗ್ಗೆ ಹಾಜರಿ ಕೂಗೋವಾಗ ಮೇಸ್ತ್ರಿ 'ಗ್ನೋಯೆಕ್!' ಅಂದ್ರೆ ಗಣಿ ಪೂರ್ತಿ ನಗೋದು" ಒತಿಲಿಯಾ ಮುಂದುವರಿಸಿದರು. "ನಾನು ಅಲ್ಲಿ ದೀಪ ಕೊಡೋ ಕೋಣೇಲಿ ಕೆಲಸಕ್ಕಿದ್ದೆ. ಈ ಮನುಷ್ಯ ಮೊಣಕಾಲೂರಿ ಕೇಳ್ದಾಗ ಹೇಳಿದೆ, 'ನಿನ್ನ ಮದುವೆ ಆಗ್ತೀನಿ, ನಿನ್ನ ಹೆಸರನ್ನಲ್ಲ. ನನ್ನ ಮಕ್ಕಳನ್ನ ಶಾಲೇಲಿ ತಿಪ್ಪೆ ಅಂತ ಕರೆಯೋದು ಬೇಡ.' ಆವಾಗ ನಗೆಪಾಟಲಿನ ಹೆಸರು ಇದ್ದವರು ಸರ್ಕಾರಕ್ಕೆ ಅರ್ಜಿ ಹಾಕಿ ಬದಲಾಯಿಸ್ಕೋಬಹುದಿತ್ತು. ಇವರೋ, ಜಮೀನ್ದಾರರ ಹೆಸರುಗಳನ್ನೆಲ್ಲ ಆರಿಸ್ಕೊಂಡು ಕೂತ್ರು. ಒಂದೂ ಮೈಗೆ ಹೊಂದಲ್ಲ. ನಿನ್ನ ತೆಲೆಕ್ ಎರಡು ಲೋಟ ಏರಿಸಿದ್ದ. 'ಹೋಗ್ಲಿ, ನನ್ನದು ತಗೊಳ್ಳೋ' ಅಂದ. 'ಜಾಸ್ತಿ ಜನ ಉಪಯೋಗಿಸಿಲ್ಲ, ಸವೆದಿಲ್ಲ.' ಮಾರನೇ ದಿನ ಅಮಲಿಳಿದ ಮೇಲೂ ಮಾತು ತಪ್ಪಲಿಲ್ಲ. ಒಂದೇ ಒಂದು ಕೇಳ್ದ, 'ನಮ್ಮಪ್ಪನಿಗೆ ಗೊತ್ತಾಗಬಾರದು, ಚರ್ಮ ಸುಲೀತಾನೆ' ಅಂತ."

"ಸುಲೀತಿದ್ದ" ಅಂದರು ಅತ್ತೆ. ತಮ್ಮ ಮಾವ ವಲೆಂತಿಯ ಮೀಸೆ ಅವರ ಕಣ್ಣಮುಂದೆ ಬಂದಿರಬೇಕು.

"ಆ ಹೆಸರನ್ನ ನಮ್ಮ ಯಜಮಾನರು ಎರಡು ವರ್ಷ ಹೊತ್ತರು, ಅಷ್ಟೇ. ಗಣಿಯ ಚಾವಣಿ ಕುಸೀತು. ತೆಲೆಕ್ ಪಕ್ಕದ ಸುರಂಗದಲ್ಲಿದ್ದ. ಕೈಯಲ್ಲೇ ಕಲ್ಲು ತೋಡಿ ಇವರನ್ನ ಹೊರಗೆ ಎಳೆದ. ಸಮಾಧಿ ಮೇಲೆ ತನ್ನ ಹೆಸರು ಕೆತ್ತಿದ್ದು ನೋಡಿ ಬಿಳಿಚಿಹೋದ. 'ನನಗೆ ಬರಬೇಕಾದ್ದು ಅವನಿಗೆ ಬಂತು ಒತಿಲಿಯಾ' ಅಂದ. ಅಲ್ಲ ಕಣೋ ಅಂತ ಎಷ್ಟು ಹೇಳಿದ್ರೂ ಕೇಳಲಿಲ್ಲ. ಅವತ್ತು ಹೋದವನು ಮತ್ತೆ ಬರಲಿಲ್ಲ."

ಅತ್ತೆ ಫೋಟೋದ ಹತ್ತಿರ ಹೋಗಿ ಮಾವನ ಮುಖವನ್ನು ದಿಟ್ಟಿಸಿದರು.

"ದಡ್ಡ" ಅಂದರು. "ದಡ್ಡ ಮುಂಡೇದು. ಇದನ್ನ ನನಗೆ ಹೇಳೋಕೆ ಏನಾಗಿತ್ತು ನಿಂಗೆ? ನಾನೇನು ತಿಂದುಬಿಡ್ತಿದ್ನಾ?" ಎಂದವರು ಜೋರಾಗಿ ಅತ್ತುಬಿಟ್ಟರು. ಮಾವ ತೀರಿಕೊಂಡಾಗಲೂ ಅವರು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಒತಿಲಿಯಾ ಎದ್ದು ಬಂದು ತಬ್ಬಿಕೊಂಡು, ಅತ್ತೆಯ ಕೋಟನ್ನು ತಾವೇ ಬಿಚ್ಚಿ ಗೂಟಕ್ಕೆ ಹಾಕಿದರು.

ನೋರ್ಬರ್ತ್ ಇನ್ನೂ ಬಾಗಿಲಲ್ಲೇ ನಿಂತಿದ್ದ. "ಅಂದ್ರೆ ನಾನು... ಗ್ನೋಯೆಕ್?"

"ಹೂಂ. ನಿಮ್ಮಜ್ಜನ ತಮ್ಮನ ಮಕ್ಕಳು ಲುಬ್ಲಿನ್ ಕಡೆ ಇವತ್ತಿಗೂ ಅದೇ. ನಿನ್ನ ಮದುವೆಗೆ ಅವರನ್ನೂ ಕರೀತೀನಿ. ಸಾಲಾಗಿ ಕೂರಿಸ್ತೀನಿ."

"ಅಜ್ಜಿ, ದಯವಿಟ್ಟು ಬೇಡ."

"ಬರಲಿ ಬಿಡಪ್ಪ" ಅಂದರು ನನ್ನ ಅತ್ತೆ, ಮೂಗೊರೆಸಿಕೊಳ್ಳುತ್ತ. "ಹೆಸರು ಕೊಟ್ಟವರ ಕಡೆಯವರು ನಾವು. ಅವರು ಎದ್ದು ನಿಂತು ನಮ್ಮ ಹೆಸರಲ್ಲಿ ಲೋಟ ಎತ್ತಲಿ."

ಅಷ್ಟು ದಿನದಲ್ಲಿ ಅವರು ನಗಿಸಿದ್ದು ಅದೇ ಮೊದಲು. ನನ್ನ ಎದೆಯ ಮೇಲಿದ್ದ ಗುಂಡುಕಲ್ಲು ಜಾರಿ ಬಿದ್ದಂತಾಗಿ, ನನಗೆ ತಕ್ಷಣ ವಿಪರೀತ ಹಸಿವಾಯಿತು. ಒತಿಲಿಯಾ ಬೀಟ್ರೂಟ್ ಸಾರು, ಹಂದಿಮಾಂಸ, ಉಪ್ಪಿನ ಸೌತೆಕಾಯಿ ಎಲ್ಲ ತಂದಿಟ್ಟರು. ಅತ್ತೆ ಎರಡು ಸಲ ಹಾಕಿಸಿಕೊಂಡರು.

ಅವರು ತಿನ್ನುತ್ತಿದ್ದಾಗ ನಾನು ಅಡುಗೆಮನೆಯ ಕಿಟಕಿಗೆ ಹೋಗಿ ಕಲಿನಾಳಿಗೆ ಮೊಬೈಲು ಹಚ್ಚಿದೆ.

"ಅಮ್ಮಾ? ಏನಾಯ್ತು? ಅಜ್ಜಿ ಏನಂದ್ರು?"

"ಏನಿಲ್ಲ ಕಣೆ. ಮದುವೆ ಉಡುಪು ಹೊಲಿಯೋಕೆ ಕೊಡು."

"ನಿಜವಾಗ್ಲೂ? ಅಜ್ಜಿಗೆ ಏನಾಗಿತ್ತಮ್ಮ?"

"ಅದನ್ನ ಅಜ್ಜಿ ಇಷ್ಟಪಟ್ರೆ ಹೇಳ್ತಾರೆ. ನೋರ್ಬರ್ತ್ ಹೇಳೋದು ಇನ್ನೊಂದಿದೆ, ಅವನನ್ನೇ ಕೇಳು. ನಗಬೇಡ ಅಷ್ಟೇ."

ಅವಳು ಅತ್ತ ಕಡೆ ಉಸಿರು ಬಿಟ್ಟ ಸದ್ದು ಕೇಳಿಸಿತು. ಒಳಗಿನ ಕೋಣೆಯಲ್ಲಿ ಒತಿಲಿಯಾ, ಮಾವ ಕುಡಿದಾಗ ಅಪಸ್ವರದಲ್ಲಿ ಹಾಡುತ್ತಿದ್ದದ್ದನ್ನು ಹಾಡಿ ತೋರಿಸುತ್ತಿದ್ದರು. "ಇನ್ನೊಂದ್ಸಲ, ಇನ್ನೊಂದ್ಸಲ ಹಾಡು" ಅನ್ನುತ್ತಿದ್ದರು ನನ್ನ ಅತ್ತೆ.